ತಾಂತ್ರಿಕ ನೆರವು ಕೋರುವ ಪತ್ರ: ಉದ್ದಿಮೆದಾರರು ಅನುಸರಿಸಬೇಕಾದ ಕ್ರಮ

ಯಂತ್ರವು ಕೆಟ್ಟು ನಿಂತಾಗ ಅಥವಾ ಲೆಕ್ಕಪತ್ರದ ತಂತ್ರಾಂಶವು ಕೈಕೊಟ್ಟಾಗ ಸಣ್ಣ ಉದ್ದಿಮೆದಾರರು ಸರಬರಾಜುದಾರರ ತಾಂತ್ರಿಕ ವಿಭಾಗಕ್ಕೆ ಮಿಂಚಂಚೆ ಬರೆಯುವುದು ವಾಡಿಕೆ. ಅದನ್ನು ಓದುವ ತಂತ್ರಜ್ಞರು ಬಹುಪಾಲು ಬೇರೆ ಊರಿನಲ್ಲಿರುತ್ತಾರೆ. ಅವರಿಗೆ ಯಂತ್ರ ಕಾಣದು, ಅದರ ಸದ್ದು ಕೇಳದು. ಪತ್ರದಲ್ಲಿ ಬರೆದಿರುವುದಷ್ಟೇ ಅವರಿಗೆ ದೊರೆಯುವ ಆಧಾರ. ಆದ್ದರಿಂದ ದೊರೆಯುವ ಪರಿಹಾರದ ಗುಣಮಟ್ಟವು ಬಹುಮಟ್ಟಿಗೆ ಕೇಳಿದ ಪ್ರಶ್ನೆಯ ಗುಣಮಟ್ಟವನ್ನೇ ಅವಲಂಬಿಸಿದೆ.

ಈ ವಿಷಯದಲ್ಲಿ ಮಾರ್ಗದರ್ಶನವು ಹೊಸದೇನಲ್ಲ. 1995ರ ಅಕ್ಟೋಬರಿನಲ್ಲಿ ಪ್ರಕಟವಾದ ಆರ್.ಎಫ್.ಸಿ. 1855 ಎಂಬ ದಾಖಲೆಯು, ಮಿಂಚಂಚೆಯ ಶೀರ್ಷಿಕೆಯು ಒಳಗಿನ ವಿಷಯವನ್ನು ಸೂಚಿಸುವಂತಿರಬೇಕೆಂದೂ ಬರವಣಿಗೆ ಚುಟುಕಾಗಿರಬೇಕೆಂದೂ ತಿಳಿಸಿತು. ತಂತ್ರಾಂಶ ರಚನಕಾರ ಸೈಮನ್ ಟ್ಯಾಥಮ್ 1999ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಕಣ್ಣಿಗೆ ಕಂಡ ಸಂಗತಿಯನ್ನೂ ಬರೆಯುವವರ ಊಹೆಯನ್ನೂ ಬೇರ್ಪಡಿಸಿ ತಿಳಿಸಬೇಕೆಂದು ಒತ್ತಿ ಹೇಳಿದರು. ಈ ಎರಡನೆಯ ಸೂತ್ರವು ಕಾರ್ಖಾನೆಗೆ ಎಷ್ಟು ಮುಖ್ಯವೆಂಬುದನ್ನು ಒಂದು ಕಾಲ್ಪನಿಕ ನಿದರ್ಶನದಿಂದ ತಿಳಿಯಬಹುದು.

ಊಹೆಯ ಬೆಲೆ

ಕುಸುಬಲಕ್ಕಿ ತಯಾರಿಸುವ ಗಿರಣಿಯೊಂದರಲ್ಲಿ ಒಣಗಿಸುವ ಯಂತ್ರದ ಬ್ಲೋಯರ್ ಅನ್ನು ವೇಗ ನಿಯಂತ್ರಕ ಡ್ರೈವ್ ನಡೆಸುತ್ತದೆ ಎಂದಿಟ್ಟುಕೊಳ್ಳೋಣ. ಒಂದು ದಿನ ಆ ಡ್ರೈವ್ ಟ್ರಿಪ್ ಆಗುತ್ತದೆ. ಮಾಲೀಕರು, ‘ಡ್ರೈವ್ ಪದೇ ಪದೇ ಟ್ರಿಪ್ ಆಗುತ್ತಿದೆ. ಮೋಟಾರು ಸುಟ್ಟಿರಬೇಕು. ತುರ್ತು’ ಎಂದು ಬರೆಯುತ್ತಾರೆ. ಇದನ್ನು ನಂಬಿದ ತಂತ್ರಜ್ಞರು ಮೋಟಾರನ್ನು ಬಿಚ್ಚಿ ಇನ್ಸುಲೇಷನ್ ಪರೀಕ್ಷೆ ಮಾಡಿಸಲು ಸೂಚಿಸುತ್ತಾರೆ. ಒಂದು ದಿನ ಕಳೆಯುತ್ತದೆ. ಬೇಯಿಸಿದ ಭತ್ತದಲ್ಲಿ ಶೇ. 35ರ ಆಸುಪಾಸಿನ ತೇವಾಂಶವಿರುತ್ತದೆ, ಅದನ್ನು ಶೇ. 14ರ ಮಟ್ಟಕ್ಕೆ ಇಳಿಸದೆ ರಾಶಿ ಹಾಕಿದರೆ ವಾಸನೆ ಹಿಡಿದು ಕೆಡುತ್ತದೆ. ಪರೀಕ್ಷೆಯಲ್ಲಿ ಮೋಟಾರು ಸರಿಯಾಗಿಯೇ ಇರುವುದು ತಿಳಿದುಬರುತ್ತದೆ.

ನಡೆದದ್ದು ಬೇರೆ. ಡ್ರೈವ್ ಟ್ರಿಪ್ ಆದದ್ದು ಬ್ಲೋಯರ್ ಓಡುವಾಗ ಅಲ್ಲ, ಅದನ್ನು ನಿಲ್ಲಿಸುವಾಗ. ಪಾಳಿಯ ಕೊನೆಯಲ್ಲಿ ಬೇಗ ನಿಲ್ಲಲೆಂದು ನಿಲುಗಡೆಯ ಅವಧಿಯನ್ನು 30 ಸೆಕೆಂಡಿನಿಂದ 8 ಸೆಕೆಂಡಿಗೆ ಇಳಿಸಲಾಗಿತ್ತು. ವೇಗವನ್ನು ಹೀಗೆ ಥಟ್ಟನೆ ತಗ್ಗಿಸಿದಾಗ ಭಾರವಾದ ಫ್ಯಾನಿನ ಜಡತ್ವವು ಮೋಟಾರನ್ನು ತಿರುಗಿಸುತ್ತಲೇ ಇರುತ್ತದೆ. ಮೋಟಾರು ಜನರೇಟರಿನಂತೆ ವರ್ತಿಸಿ ವಿದ್ಯುತ್ತನ್ನು ಡ್ರೈವಿಗೆ ಮರಳಿಸುತ್ತದೆ. ಒಳಗಿನ ಡಿ.ಸಿ. ವೋಲ್ಟೇಜ್ ಮಿತಿಮೀರಿದಾಗ ಡ್ರೈವ್ ತನ್ನ ರಕ್ಷಣೆಗಾಗಿ ಟ್ರಿಪ್ ಆಗುತ್ತದೆ. ನಿಲುಗಡೆಯ ಅವಧಿಯನ್ನು ಮೊದಲಿನಂತೆ ಹೆಚ್ಚಿಸುವುದೇ ಇದಕ್ಕೆ ಪರಿಹಾರ. ಬೇಗ ನಿಲ್ಲಲೇಬೇಕಾದಲ್ಲಿ ಬ್ರೇಕಿಂಗ್ ರೆಸಿಸ್ಟರ್ ಅಳವಡಿಸಬೇಕಾಗುತ್ತದೆ. ‘ನಿಲ್ಲಿಸುವಾಗ’ ಎಂಬ ಒಂದು ಪದ ಪತ್ರದಲ್ಲಿದ್ದಿದ್ದರೆ ಮೋಟಾರನ್ನು ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ.

ಪತ್ರದಲ್ಲಿರಬೇಕಾದ ಅಂಶಗಳು

1. ಗುರುತು: ಯಂತ್ರದ ಮಾದರಿ ಮತ್ತು ಕ್ರಮ ಸಂಖ್ಯೆ; ತಂತ್ರಾಂಶವಾದರೆ ಅದರ ಆವೃತ್ತಿ. ನಾಮಫಲಕದ ಸ್ಪಷ್ಟ ಛಾಯಾಚಿತ್ರವಿದ್ದರೆ ಉತ್ತಮ.

2. ಲಕ್ಷಣ: ಪರದೆಯ ಮೇಲಿನ ದೋಷಸಂಕೇತ ಅಥವಾ ಸಂದೇಶವನ್ನು ಅಕ್ಷರಶಃ ಬರೆಯಬೇಕು. ಪತ್ರವು ಕನ್ನಡದಲ್ಲಿದ್ದರೂ ಸಂದೇಶವನ್ನು ಅನುವಾದಿಸಬಾರದು. ರೀಸೆಟ್ ಮಾಡುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಬೇಕು.

3. ಸಂದರ್ಭ: ಚಾಲೂ ಮಾಡುವಾಗಲೋ, ಓಡುವಾಗಲೋ, ನಿಲ್ಲಿಸುವಾಗಲೋ, ಪ್ರತಿ ಸಲವೋ, ಕೆಲವು ಸಲವೋ ಎಂಬುದನ್ನು ತಿಳಿಸಬೇಕು.

4. ಬದಲಾವಣೆ: ಇತ್ತೀಚೆಗೆ ಮಾಡಿದ ಬದಲಾವಣೆಗಳು. ವಾರಂಟಿ ತಪ್ಪೀತೆಂಬ ಅಂಜಿಕೆಯಿಂದಲೋ, ಕೆಲಸಗಾರರು ಮಾಲೀಕರಿಗೆ ಹೇಳದಿರುವುದರಿಂದಲೋ ಮರೆಯಾಗುವ ಅಂಶವಿದು. ಇದನ್ನು ಮುಚ್ಚಿಟ್ಟರೆ ನಷ್ಟವು ಮುಚ್ಚಿಟ್ಟವರದೇ. ಕೆಲಸಗಾರರನ್ನು ಗದರಿಸದೆ ವಿಚಾರಿಸಿದರೆ ನಿಜಾಂಶ ಬೇಗ ತಿಳಿಯುತ್ತದೆ.

5. ಪ್ರಯತ್ನ: ಈವರೆಗೆ ಏನು ಮಾಡಿ ನೋಡಲಾಯಿತು, ಫಲವೇನು. ದೋಷವನ್ನು ಮರುಕಳಿಸಿ ನೋಡಲೆಂದು ಟ್ರಿಪ್ ಆದ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡುವುದು ಅಪಾಯಕರ. ವಿದ್ಯುತ್ ಕಡಿತಗೊಳಿಸಿದ ನಂತರವೂ ಡ್ರೈವಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುವುದರಿಂದ ಅದನ್ನು ಕೂಡಲೇ ತೆರೆಯಬಾರದು.

ಮಾದರಿ ಪತ್ರ

‘ವಿಷಯ: ಬ್ಲೋಯರ್ ಡ್ರೈವ್ ನಿಲ್ಲಿಸುವಾಗ ಓವರ್‌ವೋಲ್ಟೇಜ್ ಟ್ರಿಪ್.

ಮಾನ್ಯರೇ, ನಮ್ಮ ಒಣಗಿಸುವ ಯಂತ್ರದ ಬ್ಲೋಯರ್ ಡ್ರೈವ್ ನಿನ್ನೆ ಸಂಜೆಯಿಂದ ಪ್ರತಿ ಸಲ ನಿಲ್ಲಿಸುವಾಗಲೂ ಟ್ರಿಪ್ ಆಗುತ್ತಿದೆ. ಓಡುವಾಗ ತೊಂದರೆಯಿಲ್ಲ. ನಿನ್ನೆ ಮಧ್ಯಾಹ್ನ ನಿಲುಗಡೆಯ ಅವಧಿಯನ್ನು 30 ಸೆಕೆಂಡಿನಿಂದ 8 ಸೆಕೆಂಡಿಗೆ ಇಳಿಸಿದ್ದೆವು. ರೀಸೆಟ್ ಮಾಡಿದರೆ ಮತ್ತೆ ಓಡುತ್ತದೆ. ನಾಮಫಲಕ ಮತ್ತು ಪರದೆಯ ಚಿತ್ರಗಳನ್ನು ಲಗತ್ತಿಸಿದೆ. ಬ್ಲೋಯರ್ ಬೇಗ ನಿಲ್ಲುವಂತೆ ಮಾಡಲು ಸಾಧ್ಯವೇ ಎಂಬುದನ್ನು ದಯವಿಟ್ಟು ತಿಳಿಸಿ.’

ಈ ಪತ್ರದಲ್ಲಿ ದೂಷಣೆಯಿಲ್ಲ, ‘ತುರ್ತು’ ಎಂಬ ಕೂಗೂ ಇಲ್ಲ. ಮಾಲೀಕರ ನಿಜವಾದ ಅಗತ್ಯವೇನೆಂಬುದು ಕೊನೆಯ ವಾಕ್ಯದಿಂದ ತಿಳಿಯುತ್ತದೆ. ಒಂದು ಪತ್ರದಲ್ಲಿ ಒಂದೇ ಸಮಸ್ಯೆಯನ್ನು ಬರೆಯುವುದು ಲೇಸು. ಬಾಕಿ ಬಿಲ್ಲಿನ ತಕರಾರನ್ನು ಇದರೊಂದಿಗೆ ಬೆರೆಸಬಾರದು.

ಕೊಡಬಾರದ ವಿವರಗಳು

ಜಿ.ಎಸ್.ಟಿ. ಅಥವಾ ಲೆಕ್ಕಪತ್ರದ ತಂತ್ರಾಂಶದ ದೂರಿನಲ್ಲಿ ದೋಷ ಸಂದೇಶ, ದಿನಾಂಕ, ವೇಳೆ ಇವು ಸಾಕು. ಪಾಸ್‌ವರ್ಡ್, ಓ.ಟಿ.ಪಿ., ಡಿಜಿಟಲ್ ಸಹಿಯ ಪಿನ್ ಇವುಗಳನ್ನು ಯಾರಿಗೂ ಕೊಡತಕ್ಕದ್ದಲ್ಲ. ಪರದೆಯ ಚಿತ್ರ ಕಳುಹಿಸುವಾಗ ಗ್ರಾಹಕರ ಹೆಸರು ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಮರೆಮಾಡಬೇಕು. ನೆರವಿನ ದೂರವಾಣಿ ಸಂಖ್ಯೆಯನ್ನು ಖರೀದಿ ಪತ್ರದಿಂದ ಅಥವಾ ಅಧಿಕೃತ ತಾಣದಿಂದಲೇ ಪಡೆಯಬೇಕು; ಅಂತರ್ಜಾಲದಲ್ಲಿ ಹುಡುಕಿದಾಗ ವಂಚಕರ ಸಂಖ್ಯೆಗಳೂ ಸಿಗುತ್ತವೆ. ವಂಚನೆಯಿಂದ ಹಣ ಹೋದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಉತ್ತರ ಬಂದ ನಂತರ

ಸೂಚಿಸಿದ ಕ್ರಮಗಳನ್ನು ಒಂದೊಂದಾಗಿ ಅನುಸರಿಸಿ, ಪ್ರತಿಯೊಂದರ ಫಲವನ್ನೂ ಅದೇ ಪತ್ರಕ್ಕೆ ಉತ್ತರವಾಗಿ ತಿಳಿಸಬೇಕು. ಹೊಸ ಪತ್ರ ಆರಂಭಿಸಿದರೆ ಹಿಂದಿನ ವಿವರಗಳು ಕೈತಪ್ಪುತ್ತವೆ. ಸಮಸ್ಯೆ ಬಗೆಹರಿದಾಗ ಯಾವ ಕ್ರಮದಿಂದ ಬಗೆಹರಿಯಿತೆಂದು ಎರಡು ಸಾಲು ಬರೆದು ವಂದಿಸುವುದು ಸೌಜನ್ಯ. ಅದರ ಪ್ರತಿಯೊಂದನ್ನು ಆ ಯಂತ್ರದ ಕಡತದಲ್ಲಿ ಇರಿಸಬೇಕು. ಅನುಭವಸ್ಥ ಕೆಲಸಗಾರರು ಬಿಟ್ಟುಹೋದರೂ ಅವರು ಕಂಡುಕೊಂಡ ತಿಳಿವಳಿಕೆ ಹೀಗೆ ಕಾರ್ಖಾನೆಯಲ್ಲಿಯೇ ಉಳಿಯುತ್ತದೆ.