ಗರ್ಭನಿರೋಧಕ ಗುಳಿಗೆ ತಯಾರಾದ ಬಗೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪೊಟ್ಟಣದಲ್ಲಿ 28 ಗುಳಿಗೆಗಳಿರುತ್ತವೆ. ಅವುಗಳಲ್ಲಿ 21 ಹಾರ್ಮೋನಿನವು. ಉಳಿದ 7 ಕಬ್ಬಿಣಾಂಶದವು. ಹಾರ್ಮೋನು ಎಂದೊಡನೆ ಅದೇನೋ ವಿಷವೆಂದು ಅಂಜುವವರುಂಟು. ಆದರೆ ಗರ್ಭ ಧರಿಸಿದ ಸ್ತ್ರೀಯ ದೇಹವೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹೇರಳವಾಗಿ ಉತ್ಪಾದಿಸುತ್ತದೆ. ಆ ಅವಧಿಯಲ್ಲಿ ಹೊಸ ಅಂಡವು ಬಿಡುಗಡೆಯಾಗುವುದಿಲ್ಲ. ಗುಳಿಗೆಯು ಅನುಸರಿಸುವುದು ಈ ಕ್ರಮವನ್ನೇ.

ಇದು 1930ರ ದಶಕದಲ್ಲಿಯೇ ವಿಜ್ಞಾನಿಗಳಿಗೆ ತಿಳಿದಿತ್ತು. ತೊಡಕಿದ್ದುದು ತಯಾರಿಕೆಯಲ್ಲಿ. 1934ರಲ್ಲಿ ಬೂಟೆನಾಂಟ್ ಎಂಬ ಜರ್ಮನ್ ವಿಜ್ಞಾನಿಗೆ ಸುಮಾರು 50,000 ಹಂದಿಗಳ ಅಂಡಾಶಯಗಳಿಂದ ದೊರೆತ ಪ್ರೊಜೆಸ್ಟರಾನ್ ಕೇವಲ 20 ಮಿಲಿಗ್ರಾಂ. ಇಂತಹ ದುಬಾರಿ ವಸ್ತುವು ಬಡವರ ಮನೆಗೆ ತಲುಪುವುದೆಂತು?

ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಪ್ರಾಣಿಗಳನ್ನು ಬಿಟ್ಟು ಸಸ್ಯಗಳತ್ತ ತಿರುಗಿದರು. ಕಾಡುಗೆಣಸಿನ ಕೆಲವು ಜಾತಿಗಳಲ್ಲಿ ಡಯೋಸ್ಜೆನಿನ್ ಎಂಬ ಸ್ಟೀರಾಯ್ಡ್ ಇದೆ. ಮರದ ದಿಮ್ಮಿಯಿಂದ ಬೇಡದ ಕೊಂಬೆಗಳನ್ನು ಸವರಿದಂತೆ, ಇದರ ಪಕ್ಕದ ಭಾಗವನ್ನು ಕತ್ತರಿಸಿದರೆ ಪ್ರೊಜೆಸ್ಟರಾನ್‌ಗೆ ಬೇಕಾದ ಕಾಂಡ ಉಳಿಯುತ್ತದೆಂದು ಅವರು ಕಂಡುಕೊಂಡರು. 1942ರಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಪ್ರಾಂತದಲ್ಲಿ ತಕ್ಕ ಗೆಡ್ಡೆ ಸಿಕ್ಕಿತು. ಗೆಡ್ಡೆಯನ್ನು ಕತ್ತರಿಸಿ, ಒಣಗಿಸಿ, ಮದ್ಯಸಾರದಲ್ಲಿ ಸತ್ವವನ್ನಿಳಿಸಿ, ಆಮ್ಲದಿಂದ ಡಯೋಸ್ಜೆನಿನ್ ಬೇರ್ಪಡಿಸಬೇಕು. ಬಳಿಕ ಅದನ್ನು ಮುಚ್ಚಿದ ಪಾತ್ರೆಯಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಸುಮಾರು 200 ಡಿಗ್ರಿಗೆ ಕಾಯಿಸಿದರೆ ಕೊಂಬೆಯ ಬುಡ ಸಡಿಲುತ್ತದೆ; ಕ್ರೋಮಿಕ್ ಆಮ್ಲವು ಅದನ್ನು ತುಂಡರಿಸುತ್ತದೆ. ಔಷಧ ಕಂಪನಿಗಳು ಈ ಯೋಜನೆಗೆ ಹಣ ಹೂಡಲೊಪ್ಪಲಿಲ್ಲ. ಮಾರ್ಕರ್ ತಾವೇ ಸುಮಾರು 3 ಕಿಲೋಗ್ರಾಂ ಪ್ರೊಜೆಸ್ಟರಾನ್ ತಯಾರಿಸಿ ತೋರಿಸಿದರು. 1944ರಲ್ಲಿ ಪಾಲುದಾರರೊಡನೆ ಮೆಕ್ಸಿಕೋದಲ್ಲಿ ಸಿಂಟೆಕ್ಸ್ ಕಂಪನಿ ಸ್ಥಾಪಿಸಿದರು. ಬೆಲೆ ಇಳಿಯಿತು. ಗೆಡ್ಡೆ ಅಗೆದು ತಂದ ಅಲ್ಲಿನ ಬಡ ರೈತರಿಗೆ ಮಾತ್ರ ದಕ್ಕಿದ್ದು ಅತ್ಯಲ್ಪ.

ಆದರೂ ನುಂಗಿದ ಪ್ರೊಜೆಸ್ಟರಾನ್‌ನ ಬಹುಭಾಗವು ಯಕೃತ್ತಿನಲ್ಲಿ ನಾಶವಾಗುತ್ತಿತ್ತು. 1951ರ ಅಕ್ಟೋಬರ್ 15ರಂದು ಅದೇ ಕಂಪನಿಯಲ್ಲಿ ಕಾರ್ಲ್ ಜೆರಾಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಟ್ಸ್ ಅವರ ಮಾರ್ಗದರ್ಶನದಲ್ಲಿ ತರುಣ ಲೂಯಿಸ್ ಮಿರಾಮೊಂಟೆಸ್, ನುಂಗಿದರೂ ಫಲ ಕೊಡುವ ನೊರೆಥಿಸ್ಟಿರಾನ್ ತಯಾರಿಸಿದರು. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಗುಳಿಗೆ ಪ್ರತಿಸ್ಪರ್ಧಿ ಕಂಪನಿಯದು; ಅದರಲ್ಲಿ ಇಂತಹುದೇ ಹಾರ್ಮೋನು ಸುಮಾರು 10 ಮಿಲಿಗ್ರಾಂ ಇತ್ತು. 1956ರಿಂದ ಪೋರ್ಟೊರಿಕೋದಲ್ಲಿ ಅದರ ಪರೀಕ್ಷೆಗೊಳಗಾದ ಮಹಿಳೆಯರು ವಾಕರಿಕೆ, ತಲೆಸುತ್ತು ಎಂದು ದೂರಿದರು. ಇದು ಪರೀಕ್ಷೆಯೆಂದು ಅವರಿಗೆ ಸರಿಯಾಗಿ ತಿಳಿಸದಿದ್ದುದು ಅನ್ಯಾಯವೇ ಸರಿ. ಮಾಲಾ-ಎನ್ ಗುಳಿಗೆಯಲ್ಲಿರುವುದು ಬೇರೆಯ, ಹೆಚ್ಚು ಪ್ರಬಲವಾದ ಲಿವೊನಾರ್ಜೆಸ್ಟ್ರೆಲ್, ಪ್ರಮಾಣ 0.15 ಮಿಲಿಗ್ರಾಂ ಮಾತ್ರ. ಜೊತೆಗೆ 0.03 ಮಿಲಿಗ್ರಾಂ ಈಸ್ಟ್ರೊಜೆನ್ ಇದೆ.

ಇಷ್ಟು ಓದಿ ಕಾಡುಗೆಣಸು ತಿಂದರೆ ಸಾಲದೇ ಎಂದು ಯಾರೂ ಭಾವಿಸಬಾರದು. ಕಾರ್ಖಾನೆಯಲ್ಲಿ ನಡೆಯುವ ಮಾರ್ಪಾಡು ಹೊಟ್ಟೆಯಲ್ಲಿ ನಡೆಯದು. ಗೆಣಸು ತಿಂದು ಗರ್ಭಧಾರಣೆ ತಪ್ಪದು. ಕೆಲವು ಕಾಡುಗೆಣಸುಗಳು ವಿಷಕಾರಿಯೂ ಹೌದು.

ಗುಳಿಗೆಯನ್ನು ಪ್ರತಿದಿನ ಒಂದೇ ವೇಳೆಗೆ ನುಂಗಬೇಕು. ಒಂದು ದಿನ ಮರೆತರೆ ನೆನಪಾದೊಡನೆ ನುಂಗಿ, ಅಂದಿನದನ್ನು ಎಂದಿನ ವೇಳೆಗೆ ತೆಗೆದುಕೊಳ್ಳುವುದು. ಆರು ತಿಂಗಳೊಳಗಿನ ಕೂಸಿಗೆ ಮೊಲೆಯೂಡಿಸುವವರು, ರಕ್ತದೊತ್ತಡ, ಕಾಮಾಲೆ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆಯುಳ್ಳವರು, 35 ವರ್ಷ ಮೀರಿದ ಧೂಮಪಾನಿಗಳು ಇದನ್ನು ಬಳಸದೆ, ಬೇರೆ ವಿಧಾನಕ್ಕಾಗಿ ವೈದ್ಯರನ್ನೋ ಆರೋಗ್ಯ ಸಹಾಯಕಿಯನ್ನೋ ಕಾಣಬೇಕು.