ಚಿಕಿತ್ಸೆಯ ನಾಲ್ಕು ಪಾದಗಳು ಮತ್ತು ಆರೋಗ್ಯ ದಾಖಲೆ

ವೈದ್ಯ, ಔಷಧ, ಪರಿಚಾರಕ, ರೋಗಿ – ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕ ಸಂಹಿತೆ ತಿಳಿಸುತ್ತದೆ. ಇವುಗಳ ನಡುವೆ ಮಾಹಿತಿ ಹರಿಯದಿದ್ದರೆ ಒಳ್ಳೆಯ ಔಷಧವೂ ಅಪಾಯಕ್ಕೆ ಎಡೆಮಾಡುತ್ತದೆ.

ಕವಿತಾಳದ ರೋಗಿಗಳು ಊರಿನ ಆಸ್ಪತ್ರೆಯಿಂದ ಮಾನ್ವಿಗೆ, ಅಲ್ಲಿಂದ ರಾಯಚೂರಿನ ರಿಮ್ಸ್‌ಗೆ ಹೋಗುವುದುಂಟು. ಗುಳೆ ಹೋದವರು ಬೆಂಗಳೂರಿನಲ್ಲಿ ಮತ್ತೊಬ್ಬ ವೈದ್ಯರನ್ನು ಕಾಣುತ್ತಾರೆ. ಚೀಟಿ ಕಳೆದರೆ ಪರೀಕ್ಷೆಗಳು ಮೊದಲಿನಿಂದ ಆರಂಭವಾಗುತ್ತವೆ. ಆಯುರ್ವೇದ ಔಷಧದ ವಿಷಯವನ್ನಂತೂ ಹಲವರು ಹೇಳುವುದೇ ಇಲ್ಲ. ಜ್ಯೇಷ್ಠಮಧುವಿನ ಅತಿಬಳಕೆ ರಕ್ತದೊತ್ತಡವನ್ನು ಏರಿಸಬಲ್ಲದು. ಮಧುನಾಶಿನಿಯು ಸಕ್ಕರೆ ಕಾಯಿಲೆಯ ಮಾತ್ರೆಯೊಡನೆ ಸೇರಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು.

2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಕೊರತೆಯನ್ನು ನೀಗಲು ರೂಪುಗೊಂಡಿದೆ. ಇದರಲ್ಲಿ 14 ಅಂಕಿಗಳ ‘ಆಭಾ’ ಸಂಖ್ಯೆ ಉಚಿತವಾಗಿ ದೊರೆಯುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳ ದಾಖಲೆಗಳನ್ನು ಇದಕ್ಕೆ ಜೋಡಿಸಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಅವನ್ನು ಇನ್ನೊಬ್ಬ ವೈದ್ಯರು ನೋಡುವಂತಿಲ್ಲ. ಆಯುಷ್ ಆಸ್ಪತ್ರೆಗಳಿಗೂ ಇಲ್ಲಿ ಸ್ಥಾನವಿದೆ. ಚಿಕಿತ್ಸಾ ವೆಚ್ಚ ಭರಿಸುವ ಆಯುಷ್ಮಾನ್ ಕಾರ್ಡು ಬೇರೆ, ಆಭಾ ಬೇರೆ ಎಂಬುದನ್ನು ಸದ್ಭಕ್ತರು ಗಮನಿಸಬೇಕು.

ಎಲ್ಲ ಆಸ್ಪತ್ರೆಗಳೂ ಇನ್ನೂ ಈ ಜಾಲಕ್ಕೆ ಸೇರಿಲ್ಲ. ಆದ್ದರಿಂದ ಹಳೆಯ ಚೀಟಿಗಳನ್ನು ಒಂದೇ ಕಡತದಲ್ಲಿಡಿ. ಸೇವಿಸುತ್ತಿರುವ ಮಾತ್ರೆ, ಕಷಾಯ, ಚೂರ್ಣಗಳ ಹೆಸರನ್ನು ಬರೆದಿಡಿ. ಆಭಾ ಮಾಡಿಸಲು ಆಧಾರ್ ಹಾಗೂ ಅದಕ್ಕೆ ಜೋಡಿಸಿದ ಮೊಬೈಲ್‌ನೊಂದಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ವೈದ್ಯರು ಯಾವ ಪದ್ಧತಿಯವರೇ ಆಗಿರಲಿ, ಅವರಿಂದ ಯಾವ ಔಷಧವನ್ನೂ ಮುಚ್ಚಿಡದಿರಿ. ಅವರನ್ನು ಕೇಳದೆ ಯಾವುದನ್ನೂ ನಿಲ್ಲಿಸದಿರಿ.