ಲಿಂಕ್ ಕೊಟ್ಟವರಿಗೆ ಕಮಿಷನ್: ಸಣ್ಣ ವ್ಯಾಪಾರಕ್ಕೆ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಸ್ವಂತ ವೆಬ್‌ಸೈಟ್‌ನಲ್ಲಿ ಮಾರುತ್ತೇವೆ. ಅಫಿಲಿಯೇಟ್‌ಗಳನ್ನು ಇಟ್ಟುಕೊಂಡರೆ ಗಿರಾಕಿಗಳು ಹೆಚ್ಚುತ್ತಾರೆ ಎನ್ನುತ್ತಾರೆ. ಏನಿದು? ಗಿರಾಕಿಯನ್ನು ಯಾರು ಕಳಿಸಿದರೆಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮೂರಿನ ಅಡಿಕೆ ಮಂಡಿಯ ದಲ್ಲಾಳಿಗಳನ್ನು ನೀವು ಬಲ್ಲಿರಿ. ಮಾಲು ಅವರದಲ್ಲ, ವ್ಯಾಪಾರ ಕುದುರಿಸಿ ಕಮಿಷನ್ ಹಿಡಿಯುತ್ತಾರೆ. ಅಫಿಲಿಯೇಟ್ ಮಾಡುವುದೂ ಅದನ್ನೇ. ತನ್ನ ವಿಡಿಯೊದ ಕೆಳಗೋ ಬರಹದ ನಡುವೆಯೋ ನಿಮ್ಮ ಅಂಗಡಿಯ ಲಿಂಕ್ ಇಡುತ್ತಾನೆ. ಅದನ್ನು ಒತ್ತಿ ಬಂದವರು ಕೊಂಡರೆ ಅವನಿಗೆ ಪಾಲು, ಕೊಳ್ಳದಿದ್ದರೆ ಇಲ್ಲ. ಜಾಹೀರಾತಿನಲ್ಲಿ ಹಾಗಲ್ಲ, ಜನ ಬರೀ ನೋಡಿ ಹೋದರೂ ನಿಮ್ಮ ದುಡ್ಡು ಕರಗುತ್ತದೆ. ಅಮೆಜಾನ್ ಬರಿಯ ಪುಸ್ತಕದಂಗಡಿಯಾಗಿದ್ದ ಕಾಲದಲ್ಲಿ, 1996ರಲ್ಲೇ, ಈ ಪದ್ಧತಿ ಶುರುಮಾಡಿತ್ತು.

ಗುರುತು ಸಿಗುವುದು ಹೀಗೆ. ಪ್ರತಿ ಪಾಲುದಾರನ ಲಿಂಕಿನ ಬಾಲದಲ್ಲಿ ಅವನದೇ ಒಂದು ಸಂಕೇತ ಇರುತ್ತದೆ. ಒತ್ತಿದೊಡನೆ ಗಿರಾಕಿಯ ಬ್ರೌಸರ್‌ನಲ್ಲಿ 'ಕುಕಿ' ಎಂಬ ಪುಟ್ಟ ಚೀಟಿ ಕೂರುತ್ತದೆ. ಅಮೆಜಾನ್‌ನಲ್ಲಿ ಅದರ ಆಯಸ್ಸು ಸಾಮಾನ್ಯವಾಗಿ 24 ಗಂಟೆ. ನೀವು 30 ದಿನ ಇಡಿ; ಉಪ್ಪಿನಕಾಯಿಯನ್ನು ಮನೆಯಲ್ಲಿ ಒಂದು ಮಾತು ಕೇಳಿ ಕೊಳ್ಳುವವರೇ ಹೆಚ್ಚು.

ಚೀಟಿ ಎರಡು ಮೂರಾದರೆ ಸಾಮಾನ್ಯವಾಗಿ ಕೊನೆಯದಕ್ಕೇ ಕಮಿಷನ್. ಅನ್ಯಾಯ ಆಗುವುದು ಇಲ್ಲೇ. ಒಬ್ಬ ಗೃಹಿಣಿ ನಿಮ್ಮ ಮಿಡಿಯ ಸೊನೆಯ ಪರಿಮಳವನ್ನು ಹತ್ತು ನಿಮಿಷ ವರ್ಣಿಸಿ ವಿಡಿಯೊ ಮಾಡಿರುತ್ತಾರೆ. ನೋಡಿದವರು ಕೊಳ್ಳಲು ಬರುತ್ತಾರೆ. ಹಣ ಕಟ್ಟುವ ಪುಟದಲ್ಲಿ 'ಕೂಪನ್ ಇದೆಯೇ?' ಎಂಬ ಖಾಲಿ ಜಾಗ ಕಂಡು, ಹುಡುಕಿಕೊಂಡು ಯಾವುದೋ ಕೂಪನ್ ತಾಣಕ್ಕೆ ಹೋಗಿ ಬರುತ್ತಾರೆ. ಕಮಿಷನ್ ಆ ತಾಣದ ಪಾಲು. ದುಡಿದವರಿಗೆ ಏನೂ ಸಿಗದು, ಮುಂದಿನ ಸಲ ಅವರು ನಿಮ್ಮ ಹೆಸರೂ ಎತ್ತುವುದಿಲ್ಲ. ಆ ಖಾಲಿ ಜಾಗವನ್ನು ತೆಗೆದುಬಿಡಿ.

ಬರಿಯ ಮೋಸವೂ ಉಂಟು. ಯಾರೂ ಲಿಂಕ್ ಒತ್ತದಿದ್ದರೂ ಕಳ್ಳತನದಿಂದ ಚೀಟಿ ಅಂಟಿಸಿ ಕಮಿಷನ್ ಎತ್ತಿದರೆಂದು ಇಬೇ ಕಂಪನಿ ತನ್ನ ಇಬ್ಬರು ದೊಡ್ಡ ಪಾಲುದಾರರ ಮೇಲೆ 2008ರಲ್ಲಿ ದಾವೆ ಹೂಡಿತು. 2014ರಲ್ಲಿ ಅಮೆರಿಕದ ನ್ಯಾಯಾಲಯ ಇಬ್ಬರಿಗೂ ಜೈಲು ಶಿಕ್ಷೆ ವಿಧಿಸಿತು. ಅಷ್ಟು ದೊಡ್ಡ ಕಂಪನಿಯೇ ಏಮಾರಿದ ಮೇಲೆ, ಗುರುತಿಲ್ಲದ ಇನ್ನೂರು ಜನರನ್ನು ಸೇರಿಸಿಕೊಂಡು ನೀವು ಕಾವಲು ಕಾಯಲಾರಿರಿ.

ಈಗ ಲೆಕ್ಕ. ಬಾಟಲಿಗೆ 400 ರೂಪಾಯಿ, ಮಿಡಿಯಿಂದ ಕೊರಿಯರ್‌ವರೆಗೆ ಖರ್ಚು 320 ಎಂದಿಟ್ಟುಕೊಳ್ಳಿ. ಉಳಿಯುವುದು 80. ಶೇಕಡಾ 10 ಕಮಿಷನ್ ಎಂದರೆ 40, ಅಂದರೆ ನಿಮ್ಮ ಲಾಭದ ಅರ್ಧ. ಅದರ ಮೇಲೆ ಗಿರಾಕಿಗೂ ಶೇಕಡಾ 10 ರಿಯಾಯಿತಿ ಕೊಟ್ಟರೆ ಬರುವುದು 360, ಕಮಿಷನ್ 36, ನಿಮ್ಮ ಕೈಗೆ 4 ರೂಪಾಯಿ. ರಿಯಾಯಿತಿ ಬೇಡ, ಕಮಿಷನ್ ಕೊಡಿ. ಒಮ್ಮೆ ರುಚಿ ಹತ್ತಿದವರು ಮರುವರ್ಷ ತಾವೇ ಬರುತ್ತಾರೆ, ಆಗ 80 ಪೂರ್ತಿ ನಿಮ್ಮದೇ. ಬಾಟಲಿ ಒಡೆಯದೆ, ಎಣ್ಣೆ ಸೋರದೆ ಮನೆ ಮುಟ್ಟಿತೆಂದು ಖಾತ್ರಿಯಾದ ಮೇಲೆಯೇ ಕಮಿಷನ್ ಬರೆಯಿರಿ.

ಇನ್ನೊಂದು ಮಾತು, ನಿಮ್ಮ ಸರಕಿಗೆ ಇದೇ ಮುಖ್ಯ. ಮಿಡಿ ಸಿಗುವುದು ವರ್ಷಕ್ಕೊಮ್ಮೆ. ಭರಣಿಯಲ್ಲಿ 500 ಬಾಟಲಿಗಾಗುವಷ್ಟಿದ್ದಾಗ ಐದು ಸಾವಿರ ಜನ ಬಂದು 'ಖಾಲಿಯಾಗಿದೆ' ಎಂದು ಓದಿ ಹೋದರೆ ಹೆಸರು ಕೆಡುತ್ತದೆ. ಎಷ್ಟಿದೆ, ಯಾವಾಗ ಮುಗಿಯುತ್ತದೆ ಎಂದು ಪಾಲುದಾರರಿಗೆ ಮೊದಲೇ ಹೇಳಿ.

ಕಮಿಷನ್ ಪಡೆದು ಹೊಗಳುವವರು ಆ ಸಂಬಂಧವನ್ನು ಮುಚ್ಚಿಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ವಿಡಿಯೊ ಕನ್ನಡದಲ್ಲಿದ್ದರೆ ಆ ಮಾತೂ ಕನ್ನಡದಲ್ಲೇ ಇರಲಿ.

ಮೊದಲ ವರ್ಷ ನಿಮ್ಮ ಉಪ್ಪಿನಕಾಯಿಯನ್ನು ನಿಜವಾಗಿ ಉಂಡು ಮೆಚ್ಚಿದ ಐದು ಜನ ಸಾಕು: ಅಡುಗೆ ವಿಡಿಯೊ ಮಾಡುವವರು, ಬೆಂಗಳೂರಿನಲ್ಲಿ ನೆಲೆಸಿದ ಮಲೆನಾಡಿನವರು. ಅವರ ಹಣವನ್ನು, ಅದು ನೂರೇ ರೂಪಾಯಿಯಾದರೂ, ಪ್ರತಿ ತಿಂಗಳು ಹೇಳಿದ ದಿನಕ್ಕೆ ಲೆಕ್ಕದ ಸಮೇತ ಕಳಿಸಿಕೊಡಿ.